ಗೋಡೆ ಎಂದು ಭಾವಿಸತಕ್ಕದ್ದು

ನೆಮ್ಮದಿಯ ಮನೆಯಿಂದ ಬಂದವರು ವಕೀಲರಾಗಕೂಡದು ಎಂದು ಆ ಕಾನೂನು ಕಾಲೇಜಿನ ನಿಯಮಾವಳಿಯಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಕಾಲೇಜಿನ ಮೇಲೆ ಅಂಥ ಅಪವಾದ ಹೊರಿಸುವುದು ತಪ್ಪಾಗುತ್ತದೆ. ಬರೆದಿದ್ದುದು ಇಷ್ಟೇ: ಪದವಿಯ ಕೊನೆಯ ವರ್ಷದಲ್ಲಿ ಕೌಟುಂಬಿಕ ಕಾನೂನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಸ್ವಂತ ಕುಟುಂಬದ ಒಂದು ಜೀವಂತ ವ್ಯಾಜ್ಯವನ್ನು ಕಾಲೇಜಿನ ಅಣಕು ನ್ಯಾಯಾಲಯಕ್ಕೆ ತಂದು, ಒಂದು ಪಕ್ಷದ ಪರವಾಗಿ ವಾದಿಸತಕ್ಕದ್ದು. ವ್ಯಾಜ್ಯ ತಾರದವರನ್ನು ಅನುತ್ತೀರ್ಣರೆಂದು ಭಾವಿಸತಕ್ಕದ್ದು.

ನಿಯಮದ ಹಿಂದೆಯೇ ಸೂಚನಾ ಫಲಕದಲ್ಲಿ ಒಂದು ಪ್ರಕಟಣೆಯೂ ಬಂತು. “ವ್ಯಾಜ್ಯವು ಪರೀಕ್ಷೆಯ ಫಲಿತಾಂಶ ಬರುವವರೆಗೂ ಜೀವಂತವಾಗಿರಬೇಕು. ರಾಜಿಯಾದ ಅಥವಾ ಮರೆತುಹೋದ ವ್ಯಾಜ್ಯಗಳನ್ನು ಸ್ವೀಕರಿಸಲಾಗುವುದಿಲ್ಲ. ನೆರೆಮನೆಯ ವ್ಯಾಜ್ಯವನ್ನು ಎರವಲು ತರುವಂತಿಲ್ಲ. ಅಂಕಗಳಿಗಾಗಿ ಮನೆಯಲ್ಲಿ ಜಗಳ ಹಚ್ಚುವುದನ್ನು ನಿಷೇಧಿಸಲಾಗಿದೆ. ಆದರೆ ತಾನಾಗಿಯೇ ಹತ್ತಿಕೊಂಡ ಜಗಳವನ್ನು ವಿದ್ಯಾರ್ಥಿಗಳು ಆರಿಸುವ ಅಗತ್ಯವಿಲ್ಲ.”

ಬೇರೆ ಯಾರಿಗೂ ಇದರಿಂದ ತೊಂದರೆಯಾಗಲಿಲ್ಲ. ತರಗತಿಯಲ್ಲಿ ‘ಪಾಲು’ ಎಂದೇ ಹೆಸರಾಗಿದ್ದ ಒಬ್ಬ ಹುಡುಗನಿದ್ದ. ಅವನ ದೊಡ್ಡಪ್ಪ, ಚಿಕ್ಕಪ್ಪಂದಿರು ಒಂದೇ ನೀರಿನ ತೊಟ್ಟಿಯನ್ನು ಎಷ್ಟು ಸಲ ಪಾಲು ಮಾಡಿಕೊಂಡಿದ್ದರೆಂದರೆ ಈಗ ಅದರಲ್ಲಿ ನೀರಿಗಿಂತ ಗೋಡೆಗಳೇ ಹೆಚ್ಚಾಗಿದ್ದವು. ಅವನಿಗೆ ಇದ್ದ ಕಷ್ಟ ಯಾವ ವ್ಯಾಜ್ಯ ಬಿಡುವುದು ಎಂಬುದೊಂದೇ.

ಕಷ್ಟಕ್ಕೆ ಸಿಕ್ಕಿಕೊಂಡವಳು, ಮನೆಯಲ್ಲಿ ಎಲ್ಲರೂ ‘ಮರಿ’ ಎಂದು ಕರೆಯುತ್ತಿದ್ದ ಹುಡುಗಿ. ಅವಳ ಅಪ್ಪನಿಗೆ ಕನ್ನಡಕದ ಅಂಗಡಿ. ಅಮ್ಮನಿಗೆ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ. ಜೊತೆಗೆ ಅಪ್ಪನ ತಾಯಿ, ಅಂದರೆ ಅಜ್ಜಿ. ಮೂವರೂ ಒಳ್ಳೆಯವರು, ಅದೇ ಬಂದದ್ದು ಪೇಚು. ಆ ಮನೆಯಲ್ಲಿ ಯಾರೂ ದನಿಯೆತ್ತಿ ಮಾತಾಡಿದ್ದನ್ನು ಮರಿ ಕೇಳಿರಲಿಲ್ಲ. ಏಕೆಂದರೆ ಅಪ್ಪ ಯಾರಿಗೂ, ಯಾವತ್ತೂ, ಇಲ್ಲ ಅಂದವರಲ್ಲ. ಏನು ಕೇಳಿದರೂ ‘ನೋಡೋಣ’ ಅನ್ನುತ್ತಿದ್ದರು. ಇಲ್ಲ ಅಂದರೆ ಯಾಕೆ ಎಂದು ಕೇಳಬಹುದು, ಹೂಂ ಅಂದರೆ ಯಾವಾಗ ಎಂದು ಕೇಳಬಹುದು. ನೋಡೋಣ ಅಂದವರನ್ನು ಕೇಳುವುದೇನನ್ನು? ಕೇಳಿದವರು ತಮ್ಮ ಪಾಡಿಗೆ ತಾವು ಎದ್ದು ಹೋಗುತ್ತಿದ್ದರು.

ಒಂದು ದಿನ ಊಟಕ್ಕೆ ಕೂತಾಗ ಮರಿ ವಿಷಯ ಎತ್ತಿದಳು. “ಅಪ್ಪ, ಅಮ್ಮ, ನೀವಿಬ್ರೂ ಒಂದು ಜಗಳ ಆಡ್ಬೇಕು.”

“ಯಾವುದರ ಬಗ್ಗೆ?” ಎಂದರು ಅಮ್ಮ, ಲೋಟಕ್ಕೆ ನೀರು ಹಾಕುತ್ತಾ.

“ಯಾವುದಾದ್ರೂ ಸರಿ. ಒಬ್ರಿಗೊಬ್ರು ಮಾತು ಬಿಟ್ರೆ ಇನ್ನೂ ಒಳ್ಳೇದು.”

“ಮಾತು ಬಿಟ್ರೆ ನಿಮ್ಮಪ್ಪನಿಗೆ ಟವೆಲ್ ಎಲ್ಲಿದೆ ಅಂತ ಯಾರು ಹೇಳ್ತಾರೆ?”

“ನೋಡೋಣ, ನೋಡೋಣ,” ಎಂದರು ಅಪ್ಪ.

“ನಾನಿರೋದು ಯಾಕೆ ಮತ್ತೆ?” ಎಂದು ಅಜ್ಜಿ ನಡುವೆ ಬಾಯಿ ಹಾಕಿದರು. “ಅತ್ತೆ ಅಂತ ಒಬ್ಬಳು ಈ ಮನೇಲಿ ಇದೀನೋ ಇಲ್ವೋ? ಮೊಮ್ಮಗಳ ಓದಿಗೆ ಅಷ್ಟೂ ಮಾಡದಿದ್ರೆ ಹೇಗೆ.”

ಮರುದಿನ ಬೆಳಿಗ್ಗೆ ಅಜ್ಜಿ ತಲೆ ಬಾಚಿ, ಒಗೆದ ಸೀರೆ ಉಟ್ಟು, ಜಗಳಕ್ಕೆ ಸಿದ್ಧರಾಗಿ ಕುರ್ಚಿಯಲ್ಲಿ ಕೂತರು. ಸೊಸೆ ಚಹಾ ತಂದುಕೊಟ್ಟಾಗ, “ಏನೇ ಇದು, ತಣ್ಣಗೆ ಕೊರೀತಾ ಇದೆ!” ಎಂದು ಗದರಿದರು. “ಕೊಡಿ ಅತ್ತೆ, ಬಿಸಿ ಮಾಡ್ಕೊಡ್ತೀನಿ,” ಎಂದು ಅಮ್ಮ ಕೈ ಚಾಚಿದರು. ಅಜ್ಜಿ, “ಬೇಡ ಬಿಡು, ನಿನಗೆ ಹೊತ್ತಾಗುತ್ತೆ,” ಎಂದು ಕುಡಿದುಬಿಟ್ಟರು. ಆಮೇಲೆ ಮರಿಯನ್ನು ಪಕ್ಕಕ್ಕೆ ಕರೆದು, “ನಿಮ್ಮಮ್ಮ ಒಂಚೂರೂ ಸಹಕಾರ ಕೊಡ್ತಿಲ್ಲ ಕಣೇ,” ಎಂದು ದೂರಿದರು.

ಅಪ್ಪನೂ ತಮ್ಮ ಕೈಲಾದದ್ದು ಮಾಡಿದರು. ರಾತ್ರಿ ಊಟದಲ್ಲಿ, “ಇವತ್ತು ಉಪ್ಪು ಕಡಿಮೆ!” ಎಂದು ಜೋರಾಗಿ ಹೇಳಿ, ಇಷ್ಟು ಸಾಕೇ ಎಂಬಂತೆ ಮಗಳ ಕಡೆ ನೋಡಿದರು. ಅಮ್ಮ ಉಪ್ಪಿನ ಡಬ್ಬಿಯನ್ನು ಅವರ ಕಡೆ ಸರಿಸಿ, “ಹಾಕ್ಕೊಳ್ಳಿ,” ಎಂದರು.

ಗತಿಯಿಲ್ಲದೆ ಮರಿ ಅದನ್ನೇ ಕೊಂಡೊಯ್ದು ಕೌಟುಂಬಿಕ ಕಾನೂನು ವಿಭಾಗದ ಮುಖ್ಯಸ್ಥರ ಮುಂದೆ ನಿಂತಳು. ಒಂದು ನಿಯಮ ಹೇಳಿದರೆ ಅದಕ್ಕೊಂದು ಉಪನಿಯಮ ಹೇಳದೆ ಬಾಯಿ ಮುಚ್ಚುವವರಲ್ಲವಾದ್ದರಿಂದ ಅವರಿಗೆ ‘ಉಪನಿಯಮ’ ಎಂದೇ ಹೆಸರು. ಅವರಿಗೂ ಅದು ಗೊತ್ತಿತ್ತು, ಇಷ್ಟವೂ ಆಗಿತ್ತು.

“ಉಪ್ಪು ಕಡಿಮೆ ಅಂತ ಅಪ್ಪ ಅಂದ್ರು. ಅದಕ್ಕೆ ಅಮ್ಮನ ಪ್ರತಿವಾದ ಏನು?”

“ಹಾಕ್ಕೊಳ್ಳಿ ಅಂದ್ರು ಸರ್.”

“ಹಾಗಾದ್ರೆ ಇದು ವ್ಯಾಜ್ಯ ಅಲ್ಲಮ್ಮ, ಊಟ.” ಉಪನಿಯಮರು ಕನ್ನಡಕ ತೆಗೆದು ಅವಳನ್ನು ಮರುಕದಿಂದ ನೋಡಿದರು. “ನನ್ನ ಹತ್ರ ಮುಚ್ಚಿಡ್ಬೇಡ. ನಿಮ್ಮ ಮನೇಲಿ ನೆಮ್ಮದಿ ಇದೆಯಾ?”

ಮರಿ ತಲೆ ತಗ್ಗಿಸಿದಳು. “ಇದೆ ಸರ್.”

“ನೋಡು, ಬಡತನದಿಂದ ಬಂದವರಿಗೆ ನಮ್ಮಲ್ಲಿ ರಿಯಾಯಿತಿ ಇದೆ. ನೆಮ್ಮದಿಯಿಂದ ಬಂದವರಿಗೆ ಇನ್ನೂ ಆಗಿಲ್ಲ. ಮುಂದಿನ ವರ್ಷ ಮತ್ತೆ ಕೂತ್ಕೋ. ಅಷ್ಟರೊಳಗೆ ದೇವರ ದಯೆಯಿಂದ ಏನಾದ್ರೂ ಆಗಬಹುದು.”

ಮುಂದಿನ ವರ್ಷದವರೆಗೆ ಕಾಯುವ ಹಾಗಿರಲಿಲ್ಲ. ಕೋರ್ಟು ಬೀದಿಯ ಹಿರಿಯ ವಕೀಲೆಯೊಬ್ಬರು ಈ ವರ್ಷ ಪಾಸಾದರೆ ಅವಳನ್ನು ತಮ್ಮ ಕೈಕೆಳಗೆ ಸೇರಿಸಿಕೊಳ್ಳುವುದಾಗಿ ಮಾತು ಕೊಟ್ಟಿದ್ದರು. ಅವರ ಕಚೇರಿಯಲ್ಲಿ ಇದ್ದದ್ದು ಒಂದೇ ಖಾಲಿ ಕುರ್ಚಿ, ಅದರ ಮೇಲೆ ಕಣ್ಣಿಟ್ಟವರು ಹಲವರಿದ್ದರು. ಮರಿಗೆ ಚಿಕ್ಕಂದಿನಿಂದಲೂ ಬೇಕಾಗಿದ್ದುದು ಆ ಕುರ್ಚಿಯೇ.

ಅವಳು ಮನೆಗೆ ಬಂದಾಗ ಅಮ್ಮ ಅಡುಗೆಮನೆಯಲ್ಲಿದ್ದರು. ಅದು ಮೂರು ಕಡೆ ಗೋಡೆ, ಒಂದು ಕಡೆ ಬಾಗಿಲು ಇರುವ ಇಕ್ಕಟ್ಟಾದ ಕೋಣೆ. ಒಲೆಯ ಹಿಂದಿನ ಗೋಡೆಯ ಆಚೆ ಓಣಿ. ಓಣಿಯ ಸದ್ದು ಒಳಗೆ ಬರುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಬಾಣಲೆಯಲ್ಲಿ ಮೆಣಸಿನಕಾಯಿ ಹುರಿಯುವ ಘಾಟಿಗೆ ಬಾಗಿಲಲ್ಲಿ ನಿಂತ ಮರಿಗೇ ಕೆಮ್ಮು ಬಂತು.

“ಅಮ್ಮ, ನೀನು ಯಾವತ್ತೂ ಅಪ್ಪನ ಹತ್ರ ಏನೂ ಕೇಳಿಲ್ವಾ? ಕೇಳಿ, ಸಿಗದೇ ಇರೋದು?”

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. “ಇಲ್ಲಿಗೊಂದು ಕಿಟಕಿ ಕೇಳಿದ್ದೆ.”

“ಯಾವಾಗ?”

“ನೀನು ಹುಟ್ಟೋಕೆ ಮುಂಚೆ.”

“ಅಪ್ಪ ಏನಂದ್ರು?”

“ನೋಡೋಣ ಅಂದ್ರು.”

“ಆಮೇಲೆ?”

“ಆಮೇಲೇನು, ನೋಡ್ತಾ ಇದೀವಿ,” ಎಂದು ಅಮ್ಮ ಬಾಣಲೆ ಇಳಿಸಿದರು.

ಅಮ್ಮನಿಗಾಗಿ ಮರುಗಬೇಕಾದ ಹೊತ್ತಿನಲ್ಲಿ ಮರಿಗೆ ಖುಷಿಯೇ ಆಯಿತು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅವಳು ವಕೀಲೆಯಾಗುವ ಲಕ್ಷಣ ಮೊದಲು ಕಂಡದ್ದು ಆಗಲೇ. ವ್ಯಾಜ್ಯ ಇತ್ತು. ತನಗಿಂತ ವಯಸ್ಸಿನಲ್ಲಿ ಹಿರಿದಾದ ವ್ಯಾಜ್ಯ, ಇಷ್ಟು ವರ್ಷ ಒಲೆಯ ಪಕ್ಕದಲ್ಲೇ ಬೆಚ್ಚಗೆ ಬದುಕಿತ್ತು.

ಅಣಕು ನ್ಯಾಯಾಲಯ ನಡೆಯುತ್ತಿದ್ದುದು ಕಾಲೇಜಿನ ಮುರಿದ ಬೆಂಚುಗಳನ್ನು ಇಡುವ ಕೋಣೆಯಲ್ಲಿ. ಬೆಂಚುಗಳನ್ನು ಒಂದು ಬದಿಗೆ ತಳ್ಳಿದರೆ ನ್ಯಾಯಾಲಯ, ಮತ್ತೆ ಎಳೆದರೆ ಉಗ್ರಾಣ. ನ್ಯಾಯಪೀಠದಲ್ಲಿ ಉಪನಿಯಮರು, ಅವರ ಪಕ್ಕದಲ್ಲಿ ಸಾರ್ವಜನಿಕ ನೀತಿ ವಿಭಾಗದ ಮುಖ್ಯಸ್ಥೆ. ಅವರನ್ನು ವಿದ್ಯಾರ್ಥಿಗಳು ‘ನೀತಿ ಮೇಡಂ’ ಅನ್ನುತ್ತಿದ್ದರು. ಅಮ್ಮನ ಪರ ಮರಿ, ಅಪ್ಪನ ಪರ ಪಾಲು. ಅಜ್ಜಿ ಸಾಕ್ಷಿಯಾಗಿ ಬಂದು ಮುಂದಿನ ಸಾಲಿನಲ್ಲೇ ಜಾಗ ಹಿಡಿದಿದ್ದರು. ಅಪ್ಪ ಅಮ್ಮ ಒಂದೇ ಬೆಂಚಿನಲ್ಲಿ ಅಂಟಿಕೊಂಡು ಕೂತಿದ್ದನ್ನು ಕಂಡು ಉಪನಿಯಮರು, “ವಾದಿ ಪ್ರತಿವಾದಿಗಳು ಸ್ವಲ್ಪ ದೂರ ಕೂತ್ಕೊಳ್ಳಿ, ನ್ಯಾಯಾಲಯಕ್ಕೆ ಗೊಂದಲ ಆಗುತ್ತೆ,” ಎಂದು ಎಚ್ಚರಿಸಿದರು.

ಪಾಲು ಎದ್ದು ನಿಂತ. “ಸ್ವಾಮಿ, ನನ್ನ ಕಕ್ಷಿದಾರರು ಕಿಟಕಿ ಕೊಡ್ತೀನಿ ಅಂತ ಎಲ್ಲೂ ಹೇಳಿಲ್ಲ. ಕೊಡಲ್ಲ ಅಂತಲೂ ಹೇಳಿಲ್ಲ. ‘ನೋಡೋಣ’ ಅಂದಿದ್ದಾರೆ. ಅದು ಒಂದು ಒಳ್ಳೆ ಮನಸ್ಸು. ಒಳ್ಳೆ ಮನಸ್ಸಿನ ಮೇಲೆ ದಾವೆ ಹೂಡೋಕೆ ಬರಲ್ಲ.”

ಮರಿ ಅಪ್ಪನನ್ನು ಪಾಟೀಸವಾಲಿಗೆ ಕರೆದಳು. “ನಿಮ್ಮ ಅಂಗಡಿಗೆ ಬಂದವರು ಕಣ್ಣು ಮಂಜಾಗಿದೆ ಅಂದ್ರೆ ಏನಂತೀರಿ?”

“ನೋಡೋಣ ಅಂತೀನಿ.”

“ಅಂದು ಏನು ಮಾಡ್ತೀರಿ?”

“ಕೂರಿಸಿ, ದೀಪ ಹಾಕಿ ನೋಡ್ತೀನಮ್ಮ. ಮತ್ತಿನ್ನೇನು ಮಾಡ್ತಾರೆ?”

“ನಿಮ್ಮ ಹೆಂಡತಿಗೆ ‘ನೋಡೋಣ’ ಅಂದ್ರಲ್ಲ. ಆಮೇಲೆ ಏನು ನೋಡಿದ್ರಿ?”

ಅಪ್ಪ ಆ ಕಡೆ ಈ ಕಡೆ ನೋಡಿ ಕೊನೆಗೆ ತಮ್ಮ ತಾಯಿಯ ಕಡೆ ನೋಡಿದರು. “ನನ್ನನ್ಯಾಕೋ ನೋಡ್ತೀಯಾ, ಗೋಡೆ ನೋಡು,” ಎಂದರು ಅಜ್ಜಿ. ಸಾಕ್ಷಿಯ ಹೇಳಿಕೆಯೆಂದು ಅದನ್ನು ಬರೆದುಕೊಳ್ಳಲಾಯಿತು.

ತೀರ್ಪು ಇನ್ನೇನು ಅಮ್ಮನ ಕಡೆಗೆ ವಾಲಿತು ಅನ್ನುವಾಗ ನೀತಿ ಮೇಡಂ ಉಪನಿಯಮರ ಕಿವಿಯ ಹತ್ತಿರ ಬಾಗಿದರು. ಮುರಿದ ಬೆಂಚುಗಳ ನಡುವೆ ಅವರ ಪಿಸುಮಾತು ಎಲ್ಲರಿಗೂ ಕೇಳಿಸಿತು.

“ಸರ್, ‘ನೋಡೋಣ’ ಅನ್ನೋದು ಭರವಸೆ ಅಂತ ಆದೇಶ ಮಾಡಿದ್ರೆ ನಮ್ಮ ಗತಿ? ಗ್ರಂಥಾಲಯದ ಫ್ಯಾನಿಗೆ ನಾವೇನು ಹೇಳಿದೀವಿ?”

“ನೋಡೋಣ ಅಂತ.”

“ಹುಡುಗಿಯರ ಶೌಚಾಲಯದ ಚಿಲಕಕ್ಕೆ?”

“ನೋಡೋಣ ಅಂತಲೇ.”

“ಅತಿಥಿ ಉಪನ್ಯಾಸಕರನ್ನ ಖಾಯಂ ಮಾಡೋ ವಿಷಯಕ್ಕೆ?”

ಉಪನಿಯಮರ ಹಣೆಯಲ್ಲಿ ಬೆವರು ಕಾಣಿಸಿತು. “ಅದಕ್ಕೆ ‘ಖಂಡಿತ ನೋಡೋಣ’ ಅಂದಿದೀವಿ.”

“ನಿರಾಕರಣೆ ಅಂತ ಆದೇಶ ಮಾಡೋದೂ ಕಷ್ಟ. ಇಡೀ ಸಾರ್ವಜನಿಕ ನೀತಿಯೇ ಆ ಪದದ ಮೇಲೆ ನಿಂತಿದೆ,” ಎಂದು ನೀತಿ ಮೇಡಂ ನಿಟ್ಟುಸಿರಿಟ್ಟರು. ಅವರು ತಮ್ಮ ವಿಷಯವನ್ನು ಬಹಳ ಆಳವಾಗಿ ಓದಿಕೊಂಡವರು.

ಪೀಠವು ಚಹಾಕ್ಕೆ ಎದ್ದುಹೋಗಿ, ಕುಡಿದು ಬಂದು, ಆದೇಶವನ್ನು ಓದಿತು. “ಪದಗಳಿಗೆ ಮೊದಲು ಅವುಗಳ ಸಹಜವಾದ ಅರ್ಥವನ್ನೇ ಕೊಡತಕ್ಕದ್ದು. ‘ನೋಡೋಣ’ ಎಂಬುದು ಭರವಸೆಯೂ ಅಲ್ಲ, ನಿರಾಕರಣೆಯೂ ಅಲ್ಲ. ‘ನಾನು ನೋಡುತ್ತೇನೆ’ ಎಂದಾಗಲಿ ‘ನೀನು ನೋಡು’ ಎಂದಾಗಲಿ ಪ್ರತಿವಾದಿಯು ಹೇಳಿರುವುದಿಲ್ಲ. ಆದ್ದರಿಂದ ಇದು ಇಬ್ಬರೂ ಸೇರಿ ನೋಡುವ ಹೊಣೆ. ಪರೀಕ್ಷೆಯ ಫಲಿತಾಂಶ ಬರುವವರೆಗೆ ಪ್ರತಿವಾದಿಯು, ವಾದಿಯು ಅಡುಗೆ ಮಾಡುವಷ್ಟು ಹೊತ್ತೂ ಆಕೆಯ ಪಕ್ಕದಲ್ಲಿ ನಿಂತು ಸದರಿ ಗೋಡೆಯನ್ನು ನೋಡತಕ್ಕದ್ದು. ನೋಡುವಾಗ ದಿನಪತ್ರಿಕೆ ಓದತಕ್ಕದ್ದಲ್ಲ. ವಾದಿಯ ಪರ ವಕೀಲೆಯು ಬಾಗಿಲಲ್ಲಿ ನಿಂತು ವರದಿ ಮಾಡತಕ್ಕದ್ದು.”

ಎರಡೂ ಕಡೆಯವರಿಗೆ ಒಳ್ಳೆಯ ಅಂಕ ಬಿದ್ದವು. ಅಪ್ಪನಿಗಂತೂ ಗೆದ್ದಷ್ಟೇ ಸಂತೋಷ. “ನೋಡೋದು ತಾನೇ? ಅದೇನು ಮಹಾ. ನನ್ನ ಕಸುಬೇ ಅದು,” ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದರು.

ಮೊದಲ ದಿನ ಕುರ್ಚಿ ತಂದರು. ಅಡುಗೆಮನೆಯಲ್ಲಿ ಕುರ್ಚಿಗೆ ಜಾಗವಿರಲಿಲ್ಲ. ನಿಂತರು. ಅನ್ನದ ಹಬೆಗೆ ಕನ್ನಡಕ ಮಂಜಾಯಿತು, ಒರೆಸಿಕೊಂಡರು, ಮತ್ತೆ ಮಂಜಾಯಿತು. ಅಂಗಿ ಬೆನ್ನಿಗೆ ಅಂಟಿತು. ಈರುಳ್ಳಿ ಎಣ್ಣೆಗೆ ಬಿದ್ದಾಗ ಹೌಹಾರಿ ಹಿಂದೆ ಸರಿದರು.

“ಈ ಕಡೆ ಬನ್ರೀ, ಅಲ್ಲಿ ಎಣ್ಣೆ ಸಿಡಿಯುತ್ತೆ,” ಎಂದರು ಅಮ್ಮ.

“ನೀನೆಲ್ಲಿ ನಿಲ್ತೀಯಾ?”

“ನೀವು ನಿಂತಿದೀರಲ್ಲ, ಅಲ್ಲೇ.”

ಅಪ್ಪ ಗೋಡೆಯ ಕಡೆ ತಿರುಗಿದರು. ಬಾಗಿಲಲ್ಲಿ ನಿಂತ ಮರಿ, ‘ಪ್ರತಿವಾದಿಯು ನೋಡಿದರು’ ಎಂದು ಬರೆದುಕೊಂಡಳು. ಹೀಗೆ ಕೆಲವು ದಿನ ಹೋದ ಮೇಲೆ ಒಂದು ಸಂಜೆ ಅಪ್ಪ ಒಲೆಯ ಮೇಲ್ಗಡೆ, ಅಮ್ಮನ ಕಣ್ಣಿನ ಮಟ್ಟಕ್ಕೆ ಇದ್ದ ಒಂದು ಕಂದು ಕಲೆಯನ್ನು ಬೆರಳಿನಿಂದ ಉಜ್ಜಿದರು. ಅದು ಕಲೆಯಾಗಿರಲಿಲ್ಲ. ಯಾವುದೋ ಹಳೆಯ ಕ್ಯಾಲೆಂಡರಿನ ಹಾಳೆ. ಜಿಡ್ಡಿನ ಕೆಳಗೆ ಒಂದು ದೊಡ್ಡ ನೀಲಿ ಸಮುದ್ರ, ಅದರಲ್ಲಿ ಒಂದು ಪುಟ್ಟ ದೋಣಿ.

“ಇದೇನೇ ಇದು?”

“ಕಿಟಕಿ,” ಎಂದರು ಅಮ್ಮ. “ಅಲ್ಲೂ ಕೌಂಟರಿನಲ್ಲಿ ಇಡೀ ದಿನ ಜನರ ಮೂಗು ಬಾಯಿ ಬಿಟ್ರೆ ಬೇರೇನೂ ಕಾಣಲ್ಲ. ಇಲ್ಲಾದ್ರೂ ಇರಲಿ ಅಂತ ಅಂಟಿಸ್ಕೊಂಡಿದ್ದೆ. ಈಗ ಅದೂ ಕಾಣಲ್ಲ ಅನ್ನಿ.”

ಅವರ ದನಿಯಲ್ಲಿ ದೂರಿರಲಿಲ್ಲ. ಅಪ್ಪನಿಗೆ ನಾಚಿಕೆಯಾಯಿತು, ಅದು ಅವರ ಮುಖದ ಮೇಲೆಯೇ ಕಾಣುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಮರಿಗೂ ನಾಚಿಕೆಯಾಯಿತು. ಅವಳು ಈ ಮನೆಯಲ್ಲೇ ಹುಟ್ಟಿ ಬೆಳೆದವಳು, ಆ ಹಾಳೆಯನ್ನು ಅವಳೂ ನೋಡಿರಲಿಲ್ಲ. ಆ ದಿನದ ವರದಿಯನ್ನು ಅವಳು ಬರೆಯಲಿಲ್ಲ.

ಮರುದಿನ ಅಪ್ಪ ಅಂಗಡಿಗೆ ಹೋಗುವ ಬದಲು ಗಾರೆ ಕೆಲಸದವನನ್ನು ಕರೆದುಕೊಂಡು ಬಂದರು.

ಕಿಟಕಿ ಬಂದರೆ ವ್ಯಾಜ್ಯ ಸತ್ತಹಾಗೆ. ಫಲಿತಾಂಶಕ್ಕೆ ಮುಂಚೆ ಸತ್ತ ವ್ಯಾಜ್ಯಕ್ಕೆ ಅಂಕಗಳಿಲ್ಲ ಎಂದು ನಿಯಮದಲ್ಲಿ ಸ್ಪಷ್ಟವಾಗಿತ್ತು. ಅಂಕಗಳಿಲ್ಲದಿದ್ದರೆ ಪದವಿಯಿಲ್ಲ, ಕೋರ್ಟು ಬೀದಿಯ ಕುರ್ಚಿಯೂ ಇಲ್ಲ. ಮರಿಯ ಮುಖ ನೋಡಿಯೇ ಅಮ್ಮನಿಗೆ ಎಲ್ಲ ತಿಳಿಯಿತು.

“ರೀ, ಇವತ್ತು ಬೇಡ. ಇಷ್ಟು ವರ್ಷ ಆಗಿದೆ, ಮಗಳು ಪಾಸಾಗೋವರೆಗೆ ತಡೀರಿ. ನನಗೇನೂ ಅರ್ಜೆಂಟಿಲ್ಲ.”

“ನಿನಗೆ ಇರಲ್ಲ, ನನಗಿದೆ,” ಎಂದರು ಅಪ್ಪ. ಆ ಮನೆಯಲ್ಲಿ ಮೊಟ್ಟಮೊದಲ ಬಾರಿಗೆ ನಿಜವಾಗಿ ದನಿ ಏರಿತ್ತು. “ನೋಡೋ ತನಕ ಸುಮ್ನಿದ್ದೆ. ಈಗ ನೋಡಿಯಾಯ್ತು. ನೋಡಿದ ಮೇಲೂ ನೋಡದವನ ಹಾಗೆ ಇರೋಕೆ ನನ್ನಿಂದ ಆಗಲ್ಲ.”

“ನನ್ನ ಮಗಳ ಪದವಿಗಿಂತ ನನಗೆ ಕಿಟಕಿ ದೊಡ್ಡದಲ್ಲ!” ಅಮ್ಮನ ದನಿಯೂ ಏರಿತು.

“ಬೇಕೂಂತ ನೀನೇ ಕೇಳಿದ್ದೆ!”

“ಬೇಡಾಂತಲೂ ನಾನೇ ಹೇಳ್ತಿದೀನಿ!”

ಅಜ್ಜಿ ತಮ್ಮ ಕುರ್ಚಿಯಿಂದ, “ಅಯ್ಯೋ, ಈಗ ಬಂತು ನೋಡು ಜಗಳ! ಬರ್ಕೊಳ್ಳೇ ಮರಿ, ಬೇಗ ಬರ್ಕೋ,” ಎಂದು ಕೂಗಿದರು. ಮರಿ ಬರೆದುಕೊಳ್ಳಲಿಲ್ಲ. ಚಪ್ಪಲಿ ಮೆಟ್ಟಿ ನೇರ ಕಾಲೇಜಿಗೆ ಓಡಿದಳು.

ಉಪನಿಯಮರೂ ನೀತಿ ಮೇಡಮ್ಮೂ ಒಂದೇ ಕೋಣೆಯಲ್ಲಿ ಸಿಕ್ಕರು. ಮರಿ ಕೂರದೆ ನಿಂತೇ ಮಾತಾಡಿದಳು. ಪುಸ್ತಕದ ಮಾತು ಒಂದೂ ಬರಲಿಲ್ಲ. “ಸರ್, ನಮ್ಮಮ್ಮ ನನಗೋಸ್ಕರ ಮತ್ತೆ ಆ ಗೋಡೆ ಮುಂದೇನೇ ನಿಲ್ತೀನಿ ಅಂತಿದ್ದಾಳೆ. ಈ ಕಿಟಕಿ ನಾನೇ ಕೇಳಿಸಿದ್ದು, ಈಗ ನಾನೇ ಅಡ್ಡ ನಿಂತಿದೀನಿ. ಅಂಕ ಹೋದ್ರೆ ಹೋಗಲಿ ಅನ್ನೋವಷ್ಟು ದೊಡ್ಡ ಮನಸ್ಸು ನನಗಿಲ್ಲ. ಅಮ್ಮ ಬೇಯಲಿ ಅನ್ನೋವಷ್ಟು ಕಲ್ಲು ಮನಸ್ಸೂ ಇಲ್ಲ. ನನಗೆ ಎರಡೂ ಬೇಕು.”

“ಎರಡೂ ಬೇಕು ಅನ್ನೋದೇ ಸಾರ್ವಜನಿಕ ನೀತಿ,” ಎಂದು ನೀತಿ ಮೇಡಂ ಮೆಚ್ಚಿ ತಲೆದೂಗಿದರು. “ಸರ್, ವ್ಯಾಜ್ಯ ಬದುಕಿರೋಕೆ ಗೋಡೆ ಇದ್ರೆ ಸಾಕು ತಾನೇ? ಗೋಡೆಯಲ್ಲಿ ಏನೂ ಇರಬಾರದು ಅಂತ ನಿಯಮ ಇದೆಯಾ?”

ಉಪನಿಯಮರು ನಿಯಮಾವಳಿಯನ್ನು ಹಿಂದೆ ಮುಂದೆ ತಿರುವಿದರು. ಇರಲಿಲ್ಲ. ಅವರ ಮುಖ ಅರಳಿತು. ಒಂದು ಉಪನಿಯಮಕ್ಕೆ ಜಾಗ ಸಿಕ್ಕಿತ್ತು.

ಅದು ಸಂಜೆಯೊಳಗೆ ಸೂಚನಾ ಫಲಕಕ್ಕೆ ಏರಿತು. “ವ್ಯಾಜ್ಯದಲ್ಲಿರುವ ಗೋಡೆಯಲ್ಲಿ ಗಾಳಿ, ಬೆಳಕು ಅಥವಾ ನೋಟಕ್ಕಾಗಿ ಮಾಡಲಾದ ತೆರಪನ್ನು, ಅದಕ್ಕೆ ಚೌಕಟ್ಟು ಹಾಗೂ ಗಾಜಿನ ಬಾಗಿಲುಗಳಿದ್ದಾಗ್ಯೂ, ಗೋಡೆ ಎಂದು ಭಾವಿಸತಕ್ಕದ್ದು. ಕುಟುಂಬದ ಸದಸ್ಯರು ಮಾತಿನಲ್ಲಿಯೂ ಅದನ್ನು ಗೋಡೆ ಎಂದೇ ಕರೆಯತಕ್ಕದ್ದು.”

ಗೋಡೆಯನ್ನು ಎರಡೇ ದಿನದಲ್ಲಿ ಕೂರಿಸಲಾಯಿತು. ಪರಿಶೀಲನೆಗೆ ಬಂದ ಉಪನಿಯಮರು ಅದರ ಚೌಕಟ್ಟಿಗೆ ಮೊಣಕೈ ಊರಿ ಚಹಾ ಕುಡಿದರು, ಓಣಿಯಲ್ಲಿ ಹೋಗುತ್ತಿದ್ದ ತಮ್ಮ ಹಳೆಯ ಶಿಷ್ಯನೊಬ್ಬನನ್ನು ಕೂಗಿ ಕರೆದು ಯೋಗಕ್ಷೇಮ ವಿಚಾರಿಸಿದರು, ತಣ್ಣನೆಯ ಗಾಳಿಗೆ ಒಂದು ಗಳಿಗೆ ಕಣ್ಣು ಮುಚ್ಚಿದರು. ಬಳಿಕ, ‘ಗೋಡೆಯು ಯಥಾಸ್ಥಿತಿಯಲ್ಲಿದೆ, ವ್ಯಾಜ್ಯವು ಆರೋಗ್ಯವಾಗಿದೆ’ ಎಂದು ಬರೆದು ಸಹಿ ಹಾಕಿದರು.

ಫಲಿತಾಂಶ ಬಂತು, ಮರಿ ಉನ್ನತ ಶ್ರೇಣಿಯಲ್ಲಿ ಪಾಸಾದಳು, ಕೋರ್ಟು ಬೀದಿಯ ಕುರ್ಚಿಯಲ್ಲಿ ಕೂತಳು. ಆಮೇಲೆ ಅವಳು ಕಾಲೇಜಿಗೆ ಹೋಗಿ, ಇನ್ನು ಅದನ್ನು ಕಿಟಕಿ ಅನ್ನಬಹುದೇ ಎಂದು ವಿಚಾರಿಸಿದಳು. ಈಗ ಕಿಟಕಿ ಎಂದು ಒಪ್ಪಿದರೆ ಆಗಲೂ ಅದು ಕಿಟಕಿಯೇ ಆಗಿತ್ತೆಂದಾಗಿ, ಅಂಕಗಳು ಹಿಂದಕ್ಕೆ ಹೋಗಬೇಕಾಗುತ್ತದೆ ಎಂದು ಉಪನಿಯಮರು ಬಿಡಿಸಿ ಹೇಳಿದರು. ಅದು ನ್ಯಾಯವೇ ಎಂದು ಅವಳಿಗೂ ಅನ್ನಿಸಿತು. ಮನೆಯವರಿಗೆ ಇದರಿಂದ ಏನೂ ಅನನುಕೂಲವಾಗಲಿಲ್ಲ. “ಮರಿ, ಗೋಡೆ ಹಾಕೇ, ಮಳೆ ಹನಿ ಒಳಗೆ ಬರ್ತಿದೆ,” ಎಂದು ಅಜ್ಜಿ ಕೂಗಿದರೆ ಅವಳು ಎದ್ದು ಹೋಗಿ ಹಾಕುತ್ತಿದ್ದಳು. ಅಪ್ಪ ಸಂಜೆ ಬಂದವರೇ ಗೋಡೆಯ ಗಾಜು ಒರೆಸುತ್ತಿದ್ದರು. ಆದೇಶದ ಅವಧಿ ಮುಗಿದಿದ್ದರೂ ಅಮ್ಮ ಅಡುಗೆ ಮಾಡುವಾಗ ಪಕ್ಕದಲ್ಲೇ ನಿಂತು, ಓಣಿಯಲ್ಲಿ ಯಾರು ಯಾರು ಹೋದರು ಎಂದು ಹೇಳುತ್ತಿದ್ದರು.

ಒಂದು ಸಂಜೆ ಎದುರು ಮನೆಯ ಹೆಂಗಸು ಓಣಿಯಲ್ಲಿ ಹೋಗುವವಳು ನಿಂತು, ಅಮ್ಮನ ಮುಖ ನೋಡಿ ಬೆರಗಾದಳು. ಇಷ್ಟು ವರ್ಷ ಎದುರುಬದುರಿಗಿದ್ದರೂ ಅವರು ಮಾತಾಡುತ್ತಿದ್ದುದು ಅದೇ ಮೊದಲು.

“ಕಿಟಕಿ ಇಡಿಸಿದ್ರಾ ಅಕ್ಕ?”

“ಇಲ್ಲಮ್ಮ, ಗೋಡೆ. ನಮ್ಮ ಮರಿಯ ಕಾಲೇಜಿನ ನಿಯಮ,” ಎಂದರು ಅಮ್ಮ, ಹಣೆಯ ಮೇಲೆ ಹಾರುತ್ತಿದ್ದ ಕೂದಲನ್ನು ಹಿಂದಕ್ಕೆ ಸರಿಸಿಕೊಳ್ಳುತ್ತಾ.

ಎದುರು ಮನೆಯವಳು ಹತ್ತಿರ ಬಂದು ಚೌಕಟ್ಟು ಮುಟ್ಟಿ ನೋಡಿದಳು, ಬಗ್ಗಿ ಒಳಗಿನ ಒಲೆ ನೋಡಿದಳು, ಹಿಂದಕ್ಕೆ ತಿರುಗಿ ತನ್ನ ಮನೆಯ ಅಡುಗೆಕೋಣೆಯ ಕಡೆಗೂ ಒಮ್ಮೆ ನೋಡಿದಳು. “ಒಳ್ಳೇ ಗೋಡೆ ಅಕ್ಕ,” ಎಂದಳು. “ನಮ್ಮನೇಲಿ ಇರೋದು ಏನೂ ಕಾಣದ ಗೋಡೆ. ನಮ್ಮ ಹುಡುಗೀನೂ ಆ ಕಾಲೇಜಿಗೇ ಸೇರಿಸ್ತೀನಿ.”